ಜಾತಿ ನಾಯಿ, ಕಂತ್ರಿ ನಾಯಿ
(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು)



ನಮ್ಮ ಜತ್ತದ ಕಡೆ ನಾಲ್ಕೈದು ಹುಡುಗರು ಮುಧೋಳ ನಾಯಿ ಸಾಕಿ ಮರಿ ಮಾರಬೇಕು ಅಂತ ಸಾಲಕ್ಕ ಓಡಾಡಾಕತ್ತಾರ. ಬ್ಯಾಡ ಅನ್ನಾಕ ನಾ ಬಂದಿಲ್ಲ. ಹೊಲ ಇಲ್ಲದವರಿಗೆ, ಕಬ್ಬು ಕಡಿಯಾಕ ಊರು ಬಿಡುವವರಿಗೆ, ಮನೆಯಲ್ಲೇ ನಾಲ್ಕು ಕಾಸು ಹುಟ್ಟುವ ದಾರಿ ಸಣ್ಣದಲ್ಲ. 2005ರಲ್ಲಿ ಅಂಚೆ ಚೀಟಿ ಮೇಲೆ ಈ ನಾಯಿಯ ಚಿತ್ರ ಬಂತು. 2016ರಲ್ಲಿ ಸೈನ್ಯದವರು ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಹೆಸರಾದಂಗ ರೇಟೂ ಏರತೈತಿ.

ಆದರೆ ನಾ ಮಾಡಿದ ತಪ್ಪು ಹೇಳಲೇಬೇಕು. ನನ್ನ ಹತ್ತಿರ ಚೆನ್ನಿ ಅಂತ ಒಂದು ಹೆಣ್ಣು ನಾಯಿ ಇತ್ತು. ವರ್ಷ ತುಂಬುವುದರೊಳಗೇ ಗಂಡು ಬಿಟ್ಟೆ. ಬೆದೆಗೆ ಬಂದಾಗೊಮ್ಮೆ, ಅಂದರೆ ವರ್ಷಕ್ಕೆ ಎರಡು ಸಲ, ಮರಿ ಹಾಕಿಸಿದೆ. ಮರಿ ಕಣ್ಣು ಬಿಟ್ಟು ಎರಡು ವಾರ ಆಗೂದ್ರಾಗ ಮಾರಿದೆ. ‘ಜಾತಿ ಕೆಡಬಾರದು’ ಅಂತ ಅದರ ಮಗನನ್ನೇ ಅದಕ್ಕೆ ಕೂಡಿಸಿದೆ. ಆ ಸೂಲಿನಾಗ ಆರು ಮರಿ. ಎರಡು ಸತ್ತೇ ಹುಟ್ಟಿದವು. ಒಂದಕ್ಕೆ ಅಂಗುಳ ಸೀಳಿತ್ತು, ಮೊಲೆ ಚೀಪಾಕ ಬರಲಿಲ್ಲ. ಹತ್ತಿರದ ರಕ್ತ ಕೂಡಿದರೆ ಎರಡೂ ಕಡೆ ಅಡಗಿದ್ದ ದೋಷ ಮರಿಯಲ್ಲಿ ಎದ್ದು ಬರತೈತಿ ಅಂತ ದನದ ಡಾಕ್ಟರು ಆಮೇಲೆ ಹೇಳಿದರು. ಮುಂದಿನ ಸೂಲಿಗೆ ಚೆನ್ನಿ ಮೇಲೆ ಏಳಲೇ ಇಲ್ಲ. “ಬಾಣಂತಿಗೆ ಒಂದು ವರ್ಷನೂ ಬಿಡುವು ಕೊಡಲಿಲ್ಲಲ್ಲೋ” ಅಂದಳು ನನ್ನವ್ವ. ನಾ ಬಾಯಿ ಬಿಡಲಿಲ್ಲ.

ನಮ್ಮ ಮಾತನ್ನೇ ನೋಡ್ರಿ. ಅಪ್ಪ-ಅಜ್ಜ ಗೊತ್ತಿದ್ದರೆ ‘ಜಾತಿ ನಾಯಿ’, ಓಣಿಯಲ್ಲಿ ಹುಟ್ಟಿದರೆ ‘ಕಂತ್ರಿ’. ಒಂದಕ್ಕೆ ಹಾಲು-ಮೊಟ್ಟೆ, ಇನ್ನೊಂದಕ್ಕೆ ಕಲ್ಲು. ಈ ಲೆಕ್ಕ ಎಲ್ಲಿಂದ ಬಂತು ಅಂತ ನಮಗೆ ಬೇರೆಯವರು ಕಲಿಸಬೇಕಿಲ್ಲ. 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಮನುಷ್ಯರ ರಕ್ತಶುದ್ಧಿಯ ವಾದವನ್ನು ಬಿಚ್ಚಿ ಬಿಸಾಕಿದರು. ಅದನ್ನು ಓದಿದ ನಾನು ಹಿತ್ತಲಲ್ಲಿ ಅದೇ ವಾದ ನಂಬಿದ್ದೆ! ಮುಧೋಳ ನಾಯಿಯ ಉದ್ದ ಕಾಲು, ಆಳದ ಎದೆ ಸುಳ್ಳಲ್ಲ; ಓಟಕ್ಕಾಗಿ ಆರಿಸಿ ಆರಿಸಿ ಬೆಳೆಸಿದ್ದು. ಓಟ ನೋಡಿ ಆರಿಸುವುದು ಬೇರೆ, ಕಾಗದ ನೋಡಿ ಆರಿಸುವುದು ಬೇರೆ. ಪಗ್ ನೋಡ್ರಿ, ‘ಹಚ್ ನಾಯಿ’ ಅಂತೀವಲ್ಲ, ಮೂಗು ಮೊಂಡಾಗಲಿ ಅಂತ ಬೆಳೆಸಿ ಬೆಳೆಸಿ ಅದಕ್ಕೆ ಉಸಿರಾಡೂದೇ ಕಷ್ಟ ಆಗೇತಿ. ನಮ್ಮ ಬಿಸಿಲಿಗೆ ಅದನ್ನು ತರೂದು ಪಾಪ.

2017ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡೇತಿ. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಹೆಣ್ಣಿಗೆ 18 ತಿಂಗಳು ತುಂಬಿರಬೇಕು, 12 ತಿಂಗಳಿಗೆ ಒಂದೇ ಸೂಲು, ಜೀವಮಾನಕ್ಕೆ ಐದು. 8 ವಾರದೊಳಗಿನ ಮರಿ ಮಾರುವಂತಿಲ್ಲ. ಈ ಲೆಕ್ಕದಲ್ಲಿ ಲಾಭ ಕಡಿಮೆ, ಖರೆ. ಲಸಿಕೆ, ಮೇವಿನ ಖರ್ಚು ಕಳೆದು ಎಷ್ಟು ಉಳಿಯತೈತಿ ಅಂತ ಮೊದಲೇ ಬರೆದು ನೋಡ್ರಿ. ಯಾವ ಹೆಣ್ಣು, ಯಾವ ಗಂಡು, ಯಾವ ದಿನ ಅಂತ ಒಂದು ವಹಿ ಇಡ್ರಿ.

ಆ ಆರರಲ್ಲಿ ಕುಂಟು ಮರಿ ಒಂದನ್ನು ಯಾರೂ ಕೊಳ್ಳಲಿಲ್ಲ. ಮುದಿಯಾಗಿ ಇನ್ನೂ ನಮ್ಮ ಮನಿ ಕಟ್ಟಿ ಮೇಲೆ ಮಲಗತೈತಿ. ಬಂದು ನೋಡ್ರಿ. ಆಮೇಲೆ ಸಾಲದ ಅರ್ಜಿ ನಾನೇ ಕುಂತು ತುಂಬಿಸಿಕೊಡತೀನಿ.