ಮೊದಲು ನೊಣ ಗುರುತಿಸಿ, ಆಮೇಲೆ ದುಡ್ಡು ಬಿಚ್ಚಿ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆಯ ಮಾತು, ಸಾಲದ ಮಾತು ಯಾವಾಗಲೂ ಇದ್ದದ್ದೇ. ಇವತ್ತು ಆ ಸಾಲ ಬೆಳೆಸುವ ಒಂದು ಸಣ್ಣ ಜೀವದ ಮಾತಾಡೋಣ. ಅದು ಹಣ್ಣಿನ ನೊಣ. ಹೊರಗೆ ಚೆಂದ ಕಾಣೋ ಕಾಯಿ ಕೊಯ್ದರೆ ಒಳಗೆ ಹುಳ. ಮಂಡಿಯವನು ಅದೊಂದನ್ನೇ ತೋರಿಸಿ ಇಡೀ ರಾಶಿಯ ಬೆಲೆ ಇಳಿಸ್ತಾನೆ.

ಮಾವಿಗೆ ಬೀಳೋ ನೊಣ ಬೇರೆ, ಹಾಗಲ, ಹೀರೆ, ಸೌತೆಗೆ ಬೀಳೋ ನೊಣ ಬೇರೆ. ಮಾವಿನ ಮುಖ್ಯ ನೊಣಕ್ಕೆ ವಿಜ್ಞಾನಿಗಳು ಡಾರ್ಸಾಲಿಸ್ ಅಂತಾರೆ. ಅದರ ಬೆನ್ನು ಹೆಚ್ಚಾಗಿ ಕಪ್ಪು, ಎರಡು ಬದಿಗೆ ಎರಡು ಹಳದಿ ಗೆರೆ, ರೆಕ್ಕೆಯ ಮುಂದಿನ ಅಂಚಿಗೆ ಸಣ್ಣ ಕಪ್ಪು ಪಟ್ಟಿ. ಬಳ್ಳಿ ತರಕಾರಿ ನೊಣ ಕಂದು ಬಣ್ಣದ್ದು. ಬೆನ್ನಿನ ನಟ್ಟನಡುವೆ ಇನ್ನೊಂದು ಸೇರಿ ಒಟ್ಟು 3 ಹಳದಿ ಗೆರೆ, ರೆಕ್ಕೆಗೆ ಅಡ್ಡಪಟ್ಟೆ, ತುದಿಗೆ ದೊಡ್ಡ ಮಚ್ಚೆ. ಉತ್ತರ ಭಾರತದಲ್ಲಿ ಹೆಚ್ಚು ಕಾಟ ಕೊಡುವ ಜೊನಾಟಾ ಕೆಂಪುಗಂದು. ಅದರ ರೆಕ್ಕೆಯಂಚಿನ ಪಟ್ಟಿ ಪೂರ್ತಿ ಇರೋದಿಲ್ಲ, ತುದಿಯಲ್ಲಿ ಚುಕ್ಕೆ ಮಾತ್ರ.

ಬಣ್ಣ ಒಂದನ್ನೇ ನಂಬಬೇಡಿ. 2003ರಲ್ಲಿ ಆಫ್ರಿಕಾದ ಕೀನ್ಯಾದಲ್ಲಿ ಒಂದು ನೊಣ ಸಿಕ್ಕಿತು. 2005ರಲ್ಲಿ ಅದು ಹೊಸ ಜಾತಿಯೆಂದು ಹೊಸ ಹೆಸರಿಟ್ಟರು. ಕೊನೆಗೆ 2015ರಲ್ಲಿ, ಅದು ನಮ್ಮ ಮಾವಿನ ಡಾರ್ಸಾಲಿಸ್ಸೇ ಅಂತ ತೀರ್ಮಾನವಾಯಿತು. ಓದಿದವರಿಗೇ ಇಷ್ಟು ಕಾಲ ಹಿಡಿದ ಕೆಲಸ ಇದು.

ಇದರಿಂದ ನಮಗೇನು ಅಂತೀರಾ? ಮಾವಿನ ಗಂಡು ನೊಣ ಮೀಥೈಲ್ ಯೂಜಿನಾಲ್ ವಾಸನೆಗೆ ಬರ್ತದೆ. ಬಳ್ಳಿಯ ನೊಣ ಅದಕ್ಕೆ ಬರೋದಿಲ್ಲ, ಅದಕ್ಕೆ ಕ್ಯೂ ಲ್ಯೂರ್ ಬೇಕು. ಹಾಗಲದ ಚಪ್ಪರಕ್ಕೆ ಮಾವಿನ ಬಲೆ ಕಟ್ಟಿದರೆ ಅಂಗಡಿಯವನ ಪುಸ್ತಕದಲ್ಲಿ ನಿಮ್ಮ ಬಾಕಿ ಏರ್ತದೆ, ನೊಣ ಮಾತ್ರ ಇದ್ದಲ್ಲೇ ಇರ್ತದೆ.

ಗುರುತಿಸೋದಕ್ಕೆ ದುಡ್ಡು ಬೇಡ. ಹುಳ ಬಿದ್ದ ಕಾಯನ್ನು ಮರಳು ಹಾಕಿದ ಡಬ್ಬಿಯಲ್ಲಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಿ. ಹುಳ ಮರಳಿಗಿಳಿದು ಕೋಶವಾಗಿ, ಎರಡು ಮೂರು ವಾರದಲ್ಲಿ ನೊಣವಾಗಿ ಏಳ್ತದೆ. ಆಗ ತಾನೇ ಎದ್ದ ನೊಣದ ಬಣ್ಣ ಮಾಸಲು. ಒಂದೆರಡು ದಿನ ಸಕ್ಕರೆ ನೀರು ಕೊಟ್ಟು, ಬಣ್ಣ ಬಲಿತ ಮೇಲೆ ಗೆರೆ ಎಣಿಸಿ. ಅನುಮಾನ ಬಂದರೆ ಆ ಡಬ್ಬಿಯನ್ನೇ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ.

ಬಲೆಗೆ ಬೀಳೋದು ಗಂಡು, ಮೊಟ್ಟೆ ಇಡೋದು ಹೆಣ್ಣು. ಅದಕ್ಕೇ ಉದುರಿದ ಕಾಯಿ ಆರಿಸಿ ಆಳವಾಗಿ ಹೂಳಲೇಬೇಕು. ಊರವರೆಲ್ಲ ಸೇರಿ ಮಾಡಿ. ನೊಣಕ್ಕೆ ಬೇಲಿ ಇಲ್ಲ.