ಸಾಲದ ಸಂಕೋಲೆ ಕಳಚಿದ ಬಾಲಕ



ಗುಲಾಮಗಿರಿ ಎಂದೊಡನೆ ನಮಗೆ ಹರಾಜು ಕಟ್ಟೆಯ ಮೇಲೆ ನಿಂತ ಮನುಷ್ಯರು ನೆನಪಾಗುತ್ತಾರೆ. ಅದು ಇತಿಹಾಸದ ಪುಟ ಸೇರಿತೆಂದು ಸಮಾಧಾನಪಡುತ್ತೇವೆ. ಆದರೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಇತರರೊಂದಿಗೆ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಬಲವಂತದ ದುಡಿಮೆಯಲ್ಲಿ ಸಿಲುಕಿರುವ ಮಕ್ಕಳು ಸುಮಾರು 33 ಲಕ್ಷ. ಅವರಲ್ಲಿ ಅನೇಕರನ್ನು ಬಿಗಿದಿರುವ ಸಂಕೋಲೆಯ ಹೆಸರು ಸಾಲ.

ಪಾಕಿಸ್ತಾನದ ಲಾಹೋರ್ ಸಮೀಪದ ಮುರೀದ್ಕೆಯಲ್ಲಿ ಇಕ್ಬಾಲ್ ಮಸೀಹ್ ಎಂಬ ಬಡ ಕ್ರೈಸ್ತ ಬಾಲಕನಿದ್ದ. ಮನೆಯವರು ಪಡೆದ 600 ರೂಪಾಯಿ ಸಾಲಕ್ಕಾಗಿ ಆತ ಎಳವೆಯಲ್ಲೇ ರತ್ನಗಂಬಳಿಯ ಮಗ್ಗದ ಮುಂದೆ ಕೂರಬೇಕಾಯಿತು. ಬಡ್ಡಿ, ದಂಡ, ಊಟದ ಖರ್ಚುಗಳೆಲ್ಲ ಲೆಕ್ಕಕ್ಕೆ ಸೇರಿ, ದುಡಿದಷ್ಟೂ ಸಾಲ ಬೆಳೆಯಿತು. ಒಮ್ಮೆ ತಪ್ಪಿಸಿಕೊಂಡು ಪೊಲೀಸರ ಮೊರೆ ಹೊಕ್ಕಾಗ ಅವರು ಆತನನ್ನು ಮರಳಿ ಮಾಲೀಕನಿಗೇ ಒಪ್ಪಿಸಿದರು.

ಹಾಗಾದರೆ ಆತ ಪಾರಾದುದು ಹೇಗೆ? ಜೀತ ವಿಮೋಚನಾ ಸಂಘಟನೆಯೊಂದರ ಸಭೆಯಲ್ಲಿ, ಜೀತವನ್ನು ಕಾನೂನು ನಿಷೇಧಿಸಿದೆ, ಆ ಸಾಲವನ್ನು ತೀರಿಸಬೇಕಿಲ್ಲ ಎಂಬ ಮಾತು ಆತನ ಕಿವಿಗೆ ಬಿತ್ತು. ಸಂಘಟನೆಯ ನೆರವಿನಿಂದ ಬಿಡುಗಡೆ ಹೊಂದಿ, ನಾಲ್ಕು ವರ್ಷಗಳ ಪಾಠವನ್ನು ಎರಡೇ ವರ್ಷಗಳಲ್ಲಿ ಕಲಿತ. ಇತರ ಮಕ್ಕಳ ಬಿಡುಗಡೆಗಾಗಿ ಸ್ವೀಡನ್, ಅಮೆರಿಕಗಳಲ್ಲೂ ದನಿ ಎತ್ತಿದ. 1995ರ ಏಪ್ರಿಲ್ 16ರಂದು ಗುಂಡಿಗೆ ಬಲಿಯಾದಾಗ ಆತನಿಗಿನ್ನೂ ಹನ್ನೆರಡರ ಪ್ರಾಯ.

ಇದು ನೆರೆಯ ದೇಶದ ಕಥೆಯೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲೇ ಬಂತು. ಜೀತಕ್ಕೆ ಕಾರಣವಾದ ಸಾಲಗಳನ್ನೂ ಅದು ಅಳಿಸಿ ಹಾಕಿತು. ಆದರೂ ಕರ್ನಾಟಕದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ, ಮುಂಗಡಕ್ಕೆ ಒತ್ತೆಯಾದ ಮಕ್ಕಳು ಕುದಿನೀರಿನಲ್ಲಿ ಕೈ ಅದ್ದಿ ಗೂಡಿನ ಎಳೆ ಹುಡುಕುತ್ತಿದ್ದುದನ್ನು ಮಾನವ ಹಕ್ಕುಗಳ ಸಂಸ್ಥೆಯೊಂದು 2003ರಲ್ಲಿ ದಾಖಲಿಸಿತು. ಆ ಮಕ್ಕಳಲ್ಲಿ ದಲಿತರೂ ಇದ್ದರು, ಮುಸ್ಲಿಮರೂ ಇದ್ದರು.

ಕಾಯಿಲೆಗೋ ಮದುವೆಗೋ ಎಲ್ಲೂ ಹಣ ಸಿಗದ ತಂದೆ ಮುಂಗಡಕ್ಕೆ ಕೈಯೊಡ್ಡುತ್ತಾನೆ. ಆತನನ್ನು ನಿಂದಿಸುವುದು ಸುಲಭ. ಆ ದಿನ ಬಡ್ಡಿಯಿಲ್ಲದ ಸಾಲ ಕೊಡಬಲ್ಲ ಒಂದು ನಿಧಿ ಆತನ ಮೊಹಲ್ಲಾದಲ್ಲಿತ್ತೇ? ದುಂದುವೆಚ್ಚದ ಮದುವೆಗಳಿಗೆ ಹೋಗಿ ಉಂಡು ಬರುವ ನಾವು ಈ ಪ್ರಶ್ನೆಗೆ ಉತ್ತರಿಸಬೇಕು.

ಜೀತದಲ್ಲಿರುವ ಮಗುವಿನ ಸುಳಿವು ಸಿಕ್ಕರೆ 1098ಕ್ಕೆ ಕರೆ ಮಾಡೋಣ; ಜಿಲ್ಲಾಡಳಿತದಿಂದ ಬಿಡುಗಡೆ ಪತ್ರ ದೊರೆಯುವವರೆಗೂ, ಶಾಲೆಯ ಹಾಜರಿಯಲ್ಲಿ ಆ ಹೆಸರು ಉಳಿಯುವವರೆಗೂ ಬೆನ್ನು ಬಿಡದಿರೋಣ. ಓಡಿಬಂದ ಇಕ್ಬಾಲನನ್ನು ಮಾಲೀಕನ ಕೈಗೇ ಮರಳಿಸಿದವರ ಸಾಲಿನಲ್ಲಿ ನಾವು ನಿಲ್ಲುವುದು ಬೇಡ.