ಮಡಕೆ ನೀರಿನ ಸುಖ



ಏಪ್ರಿಲ್ ಬಿಸಿಲಿನಲ್ಲಿ ಸರ್ಜಾಪುರದ ಬಸ್ಸಿಳಿದು ಮನೆ ಸೇರಿದಾಗ ಒಂದು ಲೋಟ ಮಡಕೆ ನೀರಿನಷ್ಟು ಅಗ್ಗದ ಸುಖ ಇನ್ನೊಂದಿಲ್ಲ.

ಬಿ.ಎಸ್ಸಿ. ಓದುತ್ತಿದ್ದಾಗ, ಅಂದವಾಗಿರಲೆಂದು ಮನೆಯ ಮಡಕೆಗೆ ನಾನು ಬಣ್ಣ ಬಳಿದೆ. ನೀರು ತಣಿಯಲೇ ಇಲ್ಲ. "ಮಡಕೆ ಬೆವರಬೇಕು ಕಣೋ" ಎಂದರು ಅಮ್ಮ. ಪುಸ್ತಕದಲ್ಲಿ ಓದಿದ್ದ ಗುಪ್ತೋಷ್ಣ ಆಗ ನೆನಪಾಯಿತು!

ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುವಾಗ ಗ್ರಾಮಿಗೆ ಸುಮಾರು 580 ಕ್ಯಾಲೊರಿ ಶಾಖ ಹೀರುತ್ತದೆ. 10 ಗ್ರಾಂ ಆವಿಯಾದರೆ 1 ಲೀಟರ್ ನೀರು ಹೆಚ್ಚೂಕಡಿಮೆ 6 ಡಿಗ್ರಿ ತಣಿಯಬಲ್ಲದು. ನನ್ನ ಬಣ್ಣ ಆ ರಂಧ್ರಗಳನ್ನೇ ಮುಚ್ಚಿತ್ತು.

ಹೊಸ ಮಡಕೆ ತಂದು, ನೆರಳು, ಗಾಳಿ ಇರುವ ಕಡೆ ಇಟ್ಟೆವು. ನೀವೂ ಇಟ್ಟು ನೋಡಿ. ಕರೆಂಟು ಹೋದರೂ ಅದು ಕೈಬಿಡುವುದಿಲ್ಲ.